ನಾಗಬನಕ್ಕೆ ಟೈಲ್ಸ್ ಬೇಕಾ?

ಪ್ರಶ್ನೆ: ನಮ್ಮ ಮೂಲಮನೆ ಉಡುಪಿ ಕಡೆ. ಅಲ್ಲಿ ಕುಟುಂಬದ ನಾಗಬನ ಇದೆ, ನಾಗನ ಕಲ್ಲಿಟ್ಟು ಪೂಜಿಸುವ ಮರಗಳ ತೋಪು, ಸುಮಾರು ಆರು ಸೆಂಟ್ಸ್ ಜಾಗ. ಈ ವರ್ಷ ಜೀರ್ಣೋದ್ಧಾರ ಮಾಡುವುದೆಂದು ದೊಡ್ಡವರು ನಿಶ್ಚಯಿಸಿದ್ದಾರೆ. ಮರಗಳನ್ನು ತೆಗೆದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಟೈಲ್ಸ್ ಹಾಕಿ, ಮೇಲೆ ಶೀಟು ಹೊದಿಸುತ್ತಾರಂತೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಬೇಡ ಅಂದರೆ ‘ಬೆಂಗಳೂರಲ್ಲಿ ಕೂತವಳಿಗೆ ನಾಗನ ವಿಷಯ ಏನು ಗೊತ್ತು’ ಅನ್ನುತ್ತಾರೆ. ಏನು ಹೇಳಲಿ? ಜೊತೆಗೆ ಮಗಳ ಪ್ರಶ್ನೆಯೂ ಒಂದಿದೆ: ಹಾವು ನಿಜವಾಗಲೂ ಹಾಲು ಕುಡಿಯುತ್ತಾ?

ಉತ್ತರ: ಮೊದಲು ಮಗಳಿಗೆ. ಇಲ್ಲ ಪುಟ್ಟಿ, ಹಾಲು ಹಾವಿನ ಆಹಾರ ಅಲ್ಲ. ಅದಕ್ಕೆ ಇಲಿ, ಕಪ್ಪೆ ಬೇಕು, ಕುಡಿಯಲು ನೀರು ಸಾಕು. ಹಾವಾಡಿಗರ ಬುಟ್ಟಿಯ ಹಾವು ಹಾಲಿಗೆ ಬಾಯಿ ಹಾಕುವುದು ದಿನಗಟ್ಟಲೆ ನೀರಿಲ್ಲದೆ ಒಣಗಿದ್ದರಿಂದ. ಆ ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಪೂಜೆಗೆಂದು ಹಾವು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ. ನಿಮ್ಮ ಕಡೆ ತನು (ಹಾಲು, ಎಳನೀರು) ಎರೆಯುವುದು ನಾಗನ ಕಲ್ಲಿಗೆ ಅಲ್ವಾ? ಅದರಿಂದ ಹಾವಿಗೇನೂ ತೊಂದರೆಯಿಲ್ಲ. ಎರೆಯಿರಿ.

ಇನ್ನು ಬನದ ವಿಷಯ. ಹೆಸರಲ್ಲೇ ‘ಬನ’ ಇದೆ. ಹಳೆಯ ಬನದೊಳಗೆ ಒಮ್ಮೆ ಸುಮ್ನೆ ನಿಂತು ನೋಡಿ. ಪಾಲೆ, ಸುರಗಿ, ಬೈನೆ, ಕಾಸರಕ, ಅವಕ್ಕೆ ಸುತ್ತಿದ ಬಳ್ಳಿಗಳು. ಕಾಲಡಿ ಮೆತ್ತಗಿನ ತರಗೆಲೆ, ಬೇರಿನ ಸಂದು, ಹುತ್ತ. ನಾಗರಹಾವಿಗೆ ಬೇಕಾದದ್ದೆಲ್ಲ ಇಲ್ಲೇ ಇದೆ: ತಂಪು, ಅಡಗಲು ಜಾಗ, ಹತ್ತಿರದ ಗದ್ದೆಯಲ್ಲಿ ಇಲಿ. ಒಂದು ಹೆಣ್ಣು ಹಾವು 10ರಿಂದ 30 ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಾದ ಬಿಲವನ್ನು ಟೈಲ್ಸ್ ಅಡಿಯಲ್ಲಿ ಎಲ್ಲಿ ಹುಡುಕೀತು?

ಹೀಗೆ ‘ಅಭಿವೃದ್ಧಿ’ಯಾದ ಬನವೊಂದಕ್ಕೆ ಒಮ್ಮೆ ಮಾರ್ಚ್ ತಿಂಗಳಲ್ಲಿ ಹೋಗಿದ್ದೆ. ಪ್ರತಿಷ್ಠೆಯ ದಿನ, ಮಧ್ಯಾಹ್ನದ ಹೊತ್ತು. ಟೈಲ್ಸ್ ಎಷ್ಟು ಕಾದಿತ್ತೆಂದರೆ ಭಟ್ಟರು ಒದ್ದೆ ಗೋಣಿಚೀಲದ ಮೇಲೆ ನಿಂತು ಮಂತ್ರ ಹೇಳುತ್ತಿದ್ದರು. ಮನುಷ್ಯರಿಗೇ ಕಾಲಿಡಲಾಗದ ಜಾಗಕ್ಕೆ ನಾಗ ಬಂದಾನೆಯೇ? ಅವನು ಬಂದದ್ದು ಪಕ್ಕದ ಮನೆಯ ಕಟ್ಟಿಗೆ ರಾಶಿಗೆ. ಮನೆಯವರು ಹೆದರಿ ಹಾವು ಹಿಡಿಯುವವರಿಗೆ ಫೋನ್ ಮಾಡಿದರು. ಬನ ಇದ್ದಷ್ಟು ದಿನ ಅವನ ಪಾಡಿಗೆ ಅವನಿದ್ದ.

ದೊಡ್ಡವರ ಹತ್ತಿರ ಪರಿಸರ ಅಂತ ಶುರು ಮಾಡಬೇಡಿ, ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವರದೇ ಮಾತು ನೆನಪಿಸಿ. ಬನದ ಒಣಕಡ್ಡಿಯನ್ನೂ ಒಲೆಗೆ ಹಾಕಬಾರದು ಎಂದು ನಿಮಗೆ ಕಲಿಸಿದ್ದು ಅಜ್ಜಿಯೇ ಇರಬೇಕು. ದಾರಿಯಲ್ಲಿ ಸತ್ತ ನಾಗನನ್ನು ಕಂಡರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುವ ಊರು ನಿಮ್ಮದು. ಬದುಕಿರುವವನ ಮನೆ ಕೆಡವುವುದಕ್ಕೆ ಜೀರ್ಣೋದ್ಧಾರ ಅನ್ನುವುದು ಹೇಗೆ? ಮರ ಉಳಿಸಿಕೊಂಡೇ ಪ್ರತಿಷ್ಠೆ ಮಾಡಬಹುದಾ ಎಂದು ತಂತ್ರಿಗಳನ್ನು ಮೊದಲೇ ಕೇಳಿಸಿ. ನೀವು ನೂರು ಸಲ ಹೇಳುವುದಕ್ಕಿಂತ ಅವರ ಒಂದು ಮಾತಿಗೆ ತೂಕ ಜಾಸ್ತಿ.

ಹಿರಿಯರ ತಕರಾರೂ ಪೂರ್ತಿ ತಪ್ಪಲ್ಲ. ಕಲ್ಲು ವಾಲಿದ್ದರೆ ಸರಿ ಮಾಡಲೇಬೇಕು, ವಯಸ್ಸಾದವರಿಗೆ ಜಾರದ ದಾರಿ ಬೇಕು. ಹಾಗಾಗಿ ನಾಗನ ಕಲ್ಲಿಗೆ ಮಾತ್ರ ಕೆಂಪುಕಲ್ಲಿನ ಚಿಕ್ಕ ಕಟ್ಟೆ, ಅಲ್ಲಿಯ ತನಕ ಒಂದು ಕಾಲುದಾರಿ. ಉಳಿದ ನೆಲ ಮಣ್ಣಾಗಿಯೇ ಇರಲಿ. ನಿಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಮಣ್ಣಿದ್ದರೆ ಅದರಲ್ಲಿ ಒಂದು ಪಾಲು ಇಂಗಿ ಮನೆಬಾವಿಗೂ ಬಂದೀತು. ಶೀಟು ಬೇಡವೇ ಬೇಡ. ಕಡಿಯಲೇಬೇಕಾದ ಮರವಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೊಡಲಿ ಹಾಕಬೇಡಿ.

ತುಳು ತಿಂಗಳು ಆಟಿಯ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದು ಐದು ದಿನಕ್ಕೆ ನಾಗರಪಂಚಮಿ. ಆ ಹೊತ್ತಿಗೆ ಊರಿಗೆ ಹೋದರೆ ಒಂದು ಖಾಲಿ ಚೀಲ ಹಿಡಿದುಕೊಂಡು ಹೋಗಿ. ಪೂಜೆ ಮುಗಿದ ಮೇಲೆ ಬನದಲ್ಲಿ ಬಿದ್ದ ಹಾಲಿನ ಪ್ಯಾಕೆಟ್, ಊದುಬತ್ತಿ ಕವರು ಹೆಕ್ಕುವುದಕ್ಕೆ. ಅದನ್ನು ಬೆಂಗಳೂರಿನವಳು ಮಾಡಿದರೂ ಯಾರೂ ಬೇಡ ಅನ್ನುವುದಿಲ್ಲ.