ಒಂದೇ ದಿನದಲ್ಲಿ ಹಂಪಿ: ಜನಜಂಗುಳಿಗೆ ಸಿಕ್ಕಿಕೊಳ್ಳದೆ ನೋಡುವುದು ಹೇಗೆ?

ನೀವು ಕೇಳಿದ್ದು: ಡಿಸೆಂಬರ್ ರಜೆಯಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ರೈಲಿನಲ್ಲಿ ಹೊಸಪೇಟೆಗೆ ಇಳಿದು, ರಾತ್ರಿ ರೈಲಿಗೇ ವಾಪಸ್ ಹೊರಡಬೇಕು, ಜೊತೆಗೆ ಇಬ್ಬರು ಮಕ್ಕಳು, ಇಷ್ಟರಲ್ಲಿ ಹಂಪಿ ನೋಡಲು ಆಗುತ್ತದೆಯೇ ಎಂದು. ಆಗುತ್ತದೆ. ಆದರೆ ಊರನ್ನು ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಬೇಕು. ವಿರೂಪಾಕ್ಷದಿಂದ ಹೊರಟು ಹೊಳೆದಂಡೆ ಹಿಡಿದು ವಿಠ್ಠಲ ದೇವಸ್ಥಾನಕ್ಕೆ, ಅಲ್ಲಿಂದ ಕಮಲಾಪುರ, ಆಮೇಲೆ ಅರಮನೆ ಆವರಣ, ಕೃಷ್ಣ ದೇವಸ್ಥಾನ, ಕೊನೆಗೆ ಹೇಮಕೂಟ. ದಿನ ಹಾಳಾಗುವುದು ನಡಿಗೆಯಿಂದಲ್ಲ, ‘ಮೊದಲು ಕಲ್ಲಿನ ರಥ, ಆಮೇಲೆ ಉಳಿದದ್ದು’ ಎಂದು ಹೋದ ದಾರಿಯಲ್ಲೇ ಮೂರು ಸಲ ಓಡಾಡುವುದರಿಂದ.

ಡಿಸೆಂಬರ್, ಜನವರಿ ಎಂದರೆ ಶಾಲಾ ಪ್ರವಾಸದ ಕಾಲ. ಹೊತ್ತು ಏರಿದಂತೆ ಬಸ್ಸುಗಳು ಸಾಲುಗಟ್ಟುತ್ತವೆ. ಹಾಗಾಗಿ ಹೊಸಪೇಟೆಯಲ್ಲಿ ತಿಂಡಿ ಮುಗಿಸಿ ತಡಮಾಡದೆ ಹೊರಡಿ. ಹಂಪಿ 13 ಕಿ.ಮೀ. ದೂರ. ಬಸ್ ಇದೆ, ಆದರೂ ನಿಮ್ಮ ದಿನಕ್ಕೆ ಆಟೋವೇ ಸರಿ. ಹತ್ತುವ ಮೊದಲೇ ನೋಡುವ ಜಾಗಗಳನ್ನು ಒಂದೊಂದಾಗಿ ಹೆಸರು ಹೇಳಿ, ಕಾಯುವ ಹೊತ್ತೂ ಸೇರಿ ಇಡೀ ದಿನಕ್ಕೆ ಇಷ್ಟು ಎಂದು ಮಾತಾಡಿಕೊಳ್ಳಿ. ಮುಖ್ಯವಾದದ್ದು ಇನ್ನೊಂದಿದೆ. ‘ನಮ್ಮನ್ನು ವಿರೂಪಾಕ್ಷದ ಹತ್ತಿರ ಇಳಿಸಿ, ಗಾಡಿ ತಗೊಂಡು ವಿಠ್ಠಲ ದೇವಸ್ಥಾನದ ಪಾರ್ಕಿಂಗ್‌ಗೆ ಬನ್ನಿ’ ಎಂದು ಖಚಿತ ಮಾಡಿಕೊಂಡು ಫೋನ್ ನಂಬರ್ ಇಟ್ಟುಕೊಳ್ಳಿ. ಹೊಳೆದಂಡೆಯ ಕಾಲುದಾರಿ ಸುಮಾರು 2 ಕಿ.ಮೀ. ಮಾತ್ರ. ಗಾಡಿಯಲ್ಲಿ ಕಮಲಾಪುರ ಬಳಸಿ ಬಂದರೆ ಅದರ ನಾಲ್ಕೈದು ಪಟ್ಟು.

ವಿರೂಪಾಕ್ಷದಲ್ಲಿ ಗರ್ಭಗುಡಿಯ ಹಿಂಬದಿಯ ಕೋಣೆಯಲ್ಲಿ, ಸಣ್ಣ ಕಿಂಡಿಯೊಂದರಿಂದ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಮಕ್ಕಳಿಗೆ ತಪ್ಪದೆ ತೋರಿಸಿ. ಕೋತಿಗಳ ಕಾಟ ಇದೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್, ಬಾಳೆಹಣ್ಣು ಕಂಡರೆ ಕಿತ್ತುಕೊಳ್ಳುತ್ತವೆ. ಎಲ್ಲ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಬಿಡಿ.

ಅಲ್ಲಿಂದ ಬಜಾರ್ ಬೀದಿಯ ಉದ್ದಕ್ಕೂ ನಡೆದು ಎಡಕ್ಕೆ ಹೊಳೆಯ ಕಡೆ ತಿರುಗಿ. ಕೋದಂಡರಾಮ ದೇವಸ್ಥಾನ ದಾಟಿ, ರಾಜರ ತುಲಾಭಾರದ ಕಲ್ಲಿನ ತೋರಣ ನೋಡಿಕೊಂಡು ವಿಠ್ಠಲಕ್ಕೆ ಸೇರಬಹುದು. ಬೆಳಗಿನ ತಂಪಿನಲ್ಲಿ ಮಕ್ಕಳೂ ಸಲೀಸಾಗಿ ನಡೆಯುವ ದಾರಿ. ಮಳೆಗಾಲದಲ್ಲಿ ಬರುವವರಿಗೆ ಒಂದು ಮಾತು: ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುತ್ತದೆ, ದಂಡೆಯ ದಾರಿಯನ್ನೂ ತೆಪ್ಪವನ್ನೂ ಆಗ ನೆಚ್ಚಬೇಡಿ. ವಯಸ್ಸಾದವರಿದ್ದರೆ ಅವರು ಆಟೋದಲ್ಲೇ ಪಾರ್ಕಿಂಗ್‌ಗೆ ಹೋಗಿ, ಅಲ್ಲಿಂದ ಸುಮಾರು 1 ಕಿ.ಮೀ. ಬ್ಯಾಟರಿ ಗಾಡಿಯಲ್ಲಿ ಬರಲಿ. ರಜೆಯಲ್ಲಿ ಉದ್ದದ ಸಾಲು ಇರುವುದು ಈ ಗಾಡಿಗೇ. ನೀವು ನಡೆದೇ ಬಂದಿರುವುದರಿಂದ ಬರುವಾಗಿನ ಸಾಲು ತಪ್ಪುತ್ತದೆ. ವಾಪಸ್ ಪಾರ್ಕಿಂಗ್‌ಗೂ ನಡೆದೇ ಹೋಗಿ, ದಾರಿಯಲ್ಲಿ ಪುಷ್ಕರಣಿಯೂ ಕುದುರೆಗೊಂಬೆ ಮಂಟಪವೂ ಸಿಗುತ್ತವೆ.

ವಿಠ್ಠಲ ದೇವಸ್ಥಾನದ ಟಿಕೆಟ್ ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅದೇ ಟಿಕೆಟ್ ಆ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ. ವಿಠ್ಠಲದಿಂದ ಹೊರಬಂದ ಕೂಡಲೇ ಮುದುರಿ ಎಸೆದು, ಕಮಲ ಮಹಲಿನಲ್ಲಿ ಮತ್ತೆ ದುಡ್ಡು ಕೊಡುವುದು ಬೇಡ. ಸಂಗೀತ ಕಂಬಗಳನ್ನು ಮಾತ್ರ ದಯವಿಟ್ಟು ಬಡಿದು ನೋಡಬೇಡಿ. ನಿಷೇಧವಿದೆ, ಬಡಿದು ಬಡಿದೇ ಅವು ಸವೆದಿವೆ.

ಹನ್ನೆರಡರಿಂದ ಮೂರರವರೆಗೆ ಬಂಡೆ ಕಾದಿರುತ್ತದೆ. ಆ ಹೊತ್ತನ್ನು ಕಮಲಾಪುರದಲ್ಲಿ ಊಟಕ್ಕೂ ಮ್ಯೂಸಿಯಮ್ಮಿಗೂ ಇಡಿ. ಮ್ಯೂಸಿಯಂ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ, ಬೆಳಿಗ್ಗೆ ನಡೆದ ದಾರಿಯನ್ನು ಮಕ್ಕಳು ಬೆರಳಿಟ್ಟು ತೋರಿಸಬಹುದು. ಶುಕ್ರವಾರ ರಜೆ, ಆ ದಿನ ಬರುವುದಾದರೆ ಊಟವನ್ನೇ ನಿಧಾನವಾಗಿ ಮುಗಿಸಿ.

ಮೂರರ ಮೇಲೆ ರಾಣಿ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರ ರಾಮ, ಕಮಲ ಮಹಲ್, ಆನೆಲಾಯ. ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಎಂದರೆ ನಾನು ಹಜಾರ ರಾಮ ಎನ್ನುತ್ತೇನೆ. ಹೆಚ್ಚಿನವರು ಹತ್ತು ನಿಮಿಷದಲ್ಲಿ ಹೊರಬೀಳುತ್ತಾರೆ, ಅದು ಬೇಸರದ ಸಂಗತಿ. ಹೊರ ಪ್ರಾಕಾರದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ: ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಸೈನಿಕರು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಒಳಗೆ ಗುಡಿಯ ಗೋಡೆಯ ತುಂಬ ರಾಮಾಯಣ ಸಾಲುಸಾಲಾಗಿ ಸಾಗುತ್ತದೆ. ಕಥೆ ಗೊತ್ತಿರುವ ಮಕ್ಕಳಿಗೆ ‘ಇದು ಯಾವ ಸನ್ನಿವೇಶ’ ಎಂದು ಕೇಳುತ್ತಾ ಹೋಗಿ. ಕಮಲ ಮಹಲಿನ ಬಾಗಿಲು ಸಂಜೆ ಬೇಗ ಮುಚ್ಚುತ್ತದೆ. ಹೊತ್ತು ಸಾಲದು ಅನ್ನಿಸಿದರೆ ಅದನ್ನೂ ಆನೆಲಾಯವನ್ನೂ ಮೊದಲು ಮುಗಿಸಿ.

ಹಂಪಿಗೆ ಮರಳುವ ರಸ್ತೆಯಲ್ಲೇ ನರಸಿಂಹ ಸಿಗುತ್ತಾನೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ 6.7 ಮೀಟರ್. ಉಗ್ರ ನರಸಿಂಹ ಎಂದು ಕರೆದರೂ ಇದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ, ಅವಳು ಬಳಸಿ ಹಿಡಿದಿದ್ದ ಕೈ ಮಾತ್ರ ಅವನ ಬೆನ್ನ ಮೇಲೆ ಉಳಿದಿದೆ. ಎದುರಿಗೆ ನಿಂತರೆ ಕಾಣದು, ಬದಿಗೆ ಸರಿದು ಹುಡುಕಿ. ಪಕ್ಕದಲ್ಲೇ ಬಡವಿಲಿಂಗ, ಸ್ವಲ್ಪ ಮುಂದೆ ಕೃಷ್ಣ ದೇವಸ್ಥಾನ, ಸಾಸಿವೆಕಾಳು ಗಣಪ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಹೇಮಕೂಟದ ಬಂಡೆ ಹತ್ತಿ ಕುಳಿತುಬಿಡಿ. ಮಾತಂಗ ಬೆಟ್ಟದಿಂದ ನೋಟ ಇನ್ನೂ ದೊಡ್ಡದು, ಆದರೆ ಮಕ್ಕಳನ್ನು ಕತ್ತಲಲ್ಲಿ ಅಲ್ಲಿಂದ ಇಳಿಸುವುದು ಅಪಾಯ.

ಆನೆಗುಂದಿ, ಅಂಜನಾದ್ರಿಯನ್ನು ಈ ದಿನಕ್ಕೆ ತುರುಕಬೇಡಿ. ಅಂಜನಾದ್ರಿಗೇ 575 ಮೆಟ್ಟಿಲು, ಹೊಳೆಯ ಆಚೆ ಬದಿ ಬೇರೆ. ಅರ್ಧ ದಿನ ಅಲ್ಲೇ ಹೋಗುತ್ತದೆ.

ತಲೆಗೆ 2 ಲೀಟರ್ ನೀರು, ಟೋಪಿ, ಹಿಡಿತವಿರುವ ಚಪ್ಪಲಿ ಇರಲಿ. ದೇವಸ್ಥಾನದಲ್ಲಿ ಬರಿಗಾಲಿಗೆ ಚಪ್ಪಡಿ ಸುಡುತ್ತದೆ, ಮಕ್ಕಳಿಗೆ ಒಂದೊಂದು ಜೊತೆ ಹಳೇ ಕಾಲುಚೀಲ ಇಟ್ಟುಕೊಳ್ಳಿ. ಹೇಮಕೂಟದಿಂದ ಇಳಿದ ಕೂಡಲೇ ಆಟೋ ಹತ್ತಿದರೆ ಹೊಸಪೇಟೆಯಲ್ಲಿ ಊಟ ಮುಗಿಸಿ ರೈಲು ಹಿಡಿಯಬಹುದು.