ಪ್ರತಿಕ್ರಿಯೆ: ಸಾಂಗ್ಲಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?

ಜತ್ತದಿಂದ ಸಾಂಗ್ಲಿಗೆ ಬಾಡಿಗೆ ಮನೆಗೆ ಬರುತ್ತಿದ್ದೀರಿ, ಹಳೆ ಮಹಾಪೂರದ ಗುರುತು ಹೇಗೆ ಹಿಡಿಯುವುದು ಅಂತ ಕೇಳಿದ್ದೀರಿ ಅಲ್ವಾ? ಮೊದಲು ಆಯರ್ವಿನ್ ಸೇತುವೆಗೆ ಹೋಗಿ. 1929ರ ಸೇತುವೆ ಅದು. ಕೃಷ್ಣೆಯ ಮಟ್ಟವನ್ನು ಅಲ್ಲೇ ಅಳೆಯುತ್ತಾರೆ. 45 ಅಡಿ ಅಂದರೆ ಅಪಾಯದ ಮಟ್ಟ. 2005ರಲ್ಲಿ 53 ಅಡಿ ದಾಟಿತ್ತು, 2019ರಲ್ಲಿ 57 ಅಡಿ.

ಆಮೇಲೆ ಗಾವಭಾಗ, ಮಾರುತಿ ಚೌಕದ ಕಡೆ ಸುಮ್ನೆ ಒಂದು ಸುತ್ತು ಹಾಕಿ. ಗೋಡೆ ನೋಡಿ. ಕೆಸರಿನ ಗೆರೆ ಅಡ್ಡಡ್ಡ ನೇರವಾಗಿರುತ್ತದೆ, ಯಾಕಂದರೆ ನಿಂತ ನೀರು ಸಮಮಟ್ಟ. ಅಂಕುಡೊಂಕಾದ ಬಿಳಿ ಉಪ್ಪಿನ ಪಟ್ಟಿ ಬೇರೆ. ಇಟ್ಟಿಗೆ ನೀರನ್ನು ಮೇಲಕ್ಕೆ ಹೀರುತ್ತದೆ, ಹಾಗಾಗಿ ಆ ಪಟ್ಟಿ ನೆರೆಗಿಂತ ಮೇಲೆ ಇರಬಹುದು. ಅದನ್ನೇ ನೆರೆಯ ಮಟ್ಟ ಅಂದುಕೊಂಡು ಹೆದರಬೇಡಿ. ಹೊಸ ಬಣ್ಣ ಹೊಡೆದಿದ್ದರೆ ಮೆಟ್ಟಿಲ ಕೆಳಗೆ, ಮೀಟರ್ ಪೆಟ್ಟಿಗೆಯ ಹಿಂದೆ ಇಣುಕಿ. ಅಲ್ಲಿ ಬಣ್ಣ ಬಳಿಯಲು ಎಲ್ಲರಿಗೂ ಸೋಮಾರಿತನ! ಮೀಟರನ್ನೇ ತಲೆಗಿಂತ ಎತ್ತರಕ್ಕೆ ಏರಿಸಿದ್ದರೆ ಕಾರಣ ಕೇಳಿಬಿಡಿ.

ಮಾಲೀಕರಿಗಿಂತ ಪಕ್ಕದ ಕಿರಾಣಿ ಅಂಗಡಿಯವರ ಮಾತು ಜಾಸ್ತಿ ನಂಬಿಕೆಗೆ ಅರ್ಹ. ಯಾವ ಹಲಗೆವರೆಗೆ ಸಾಮಾನು ನೆನೆಯಿತು ಅಂತ ಅವರು ಕೈಯಲ್ಲೇ ತೋರಿಸುತ್ತಾರೆ.