ಅಲರ್ಜಿ ಸಿರಪ್ ಸಾಕಾಗಲ್ವಾ, ಶಾಲೆಗೆ ಎಪಿಪೆನ್ ಕೊಡಲೇಬೇಕಾ?

ಕೆನಡಾದ ಒಂಟಾರಿಯೊಕ್ಕೆ ಹೊಸದಾಗಿ ಬಂದಿದ್ದೀರಿ, ಮಗನಿಗೆ ಗೋಡಂಬಿ ಆಗಲ್ಲ, ಶಾಲೆಯವರು ಎಪಿಪೆನ್ (ತುರ್ತಿಗೆ ಚುಚ್ಚುವ ಇಂಜೆಕ್ಷನ್ ಪೆನ್) ಕೇಳುತ್ತಿದ್ದಾರೆ, ಸಿರಪ್ ಕೊಟ್ಟರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಸಿರಪ್ ತುರಿಕೆ, ದದ್ದು ಇಳಿಸುತ್ತದೆ ಅಷ್ಟೇ. ಗಂಟಲು ಊದಿ ಉಸಿರು ಕಟ್ಟಿದರೆ, ಬಿಪಿ ಕುಸಿದರೆ ಅಡ್ರಿನಲಿನ್ನೇ ಬೇಕು. ಪೆನ್ನಿನಲ್ಲಿ ಇರುವುದು ಅದೇ.

ನಾನು ಇದನ್ನು ಕೆಟ್ಟ ರೀತಿಯಲ್ಲೇ ಕಲಿತೆ. ಮಗಳು ನಾಲ್ಕು ವರ್ಷದವಳಿದ್ದಾಗ ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಕಾಜು ಕಟ್ಲಿ ಒಂದು ಚೂರು ತಿಂದಳು, ತುಟಿ ಊದಿತು, ವಾಂತಿಯಾಯಿತು, ನಾನು ಸಿರಪ್ ಕುಡಿಸಿ ಈಗ ಇಳಿಯುತ್ತೆ ಆಗ ಇಳಿಯುತ್ತೆ ಅಂತ ಕಾಯುತ್ತಾ ಕೂತೆ. ಪೆನ್ ನನ್ನ ಬ್ಯಾಗಲ್ಲೇ ಇತ್ತು! ಚುಚ್ಚುವುದಕ್ಕೆ ಧೈರ್ಯ ಬರಲಿಲ್ಲ. ಉಸಿರಾಡಿದರೆ ಸುಯ್ ಸುಯ್ ಅನ್ನತೊಡಗಿತು. ಕೊನೆಗೆ ಆಂಬುಲೆನ್ಸ್‌ನವರೇ ಬಂದು ಚುಚ್ಚಿದರು.

ಹೆತ್ತ ತಾಯಿಗೇ ಕೈ ನಡುಗಿದರೆ ಟೀಚರಿಗೆ ಇನ್ನೆಷ್ಟು, ಅಲ್ವಾ? ಅದಕ್ಕೇ ಒಂಟಾರಿಯೊದಲ್ಲಿ 2006ರ ಜನವರಿಯಿಂದ ಸಬ್ರೀನಾ ಕಾನೂನು ಅಂತ ಇದೆ. ಹಾಲಿನ ಅಲರ್ಜಿ ಇದ್ದ ಸಬ್ರೀನಾ ಅನ್ನುವ 13 ವರ್ಷದ ಹುಡುಗಿ 2003ರಲ್ಲಿ ಶಾಲೆಯ ಕ್ಯಾಂಟೀನಿನಲ್ಲಿ ಹಾಲಿನ ಅಂಶ ತಾಗಿದ್ದ ಫ್ರೈಸ್ ತಿಂದ ಮೇಲೆ ತೀರಿಕೊಂಡಳು, ಪೆನ್ ಅವಳ ಲಾಕರಿನಲ್ಲಿತ್ತು. ಈಗ ಶಾಲೆಯವರು ಇಂಥ ಗಂಭೀರ ಅಲರ್ಜಿ ಇರುವ ಪ್ರತಿ ಮಗುವಿಗೂ ಬೇರೆಯೇ ಪ್ಲಾನ್ ಬರೆದಿಡಬೇಕು, ಸಿಬ್ಬಂದಿಗೆ ತರಬೇತಿ ಕೊಡಿಸಬೇಕು. ಪೋಷಕರ ಒಪ್ಪಿಗೆ ಮೊದಲೇ ಇಲ್ಲದಿದ್ದರೂ ತುರ್ತಿನಲ್ಲಿ ಅವರು ಚುಚ್ಚಬಹುದು.

ನೀವು ಮುಖ್ಯವಾಗಿ ಕೇಳಬೇಕಾದ್ದು ಪೆನ್ ಎಲ್ಲಿರುತ್ತದೆ ಅಂತ. ಬೀಗ ಹಾಕಿದ ಆಫೀಸ್ ಬೀರು ಅಂದರೆ ಒಪ್ಪಬೇಡಿ. ನನ್ನ ಮಗಳು ಸೊಂಟದ ಪೌಚಿನಲ್ಲೇ ಇಟ್ಟುಕೊಳ್ಳುತ್ತಾಳೆ. ಸೂಜಿ ಇಲ್ಲದ ಟ್ರೇನರ್ ಪೆನ್ ಸಿಗುತ್ತದೆ, ಮಗನ ಜೊತೆ ಸುಮ್ನೆ ಆಟದ ಹಾಗೆ ಅಭ್ಯಾಸ ಮಾಡಿ. ನೀಲಿ ಮುಚ್ಚಳ ಕಿತ್ತು, ಕಿತ್ತಳೆ ತುದಿಯನ್ನು ತೊಡೆಯ ಹೊರಭಾಗಕ್ಕೆ ಜೋರಾಗಿ ಒತ್ತಿ ಮೂರು ಸೆಕೆಂಡ್ ಹಿಡಿಯಬೇಕು, ಪ್ಯಾಂಟ್ ಮೇಲೆಯೇ ಆದರೂ ನಡೆಯುತ್ತದೆ. ಆಮೇಲೆ ಆಂಬುಲೆನ್ಸ್‌ಗೆ 911ಕ್ಕೆ ಕರೆ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಇನ್ನೊಂದು. ಎಲ್ಲ ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಬರುವುದುಂಟು.

ಊರಿಗೆ ಹೋಗುವಾಗಲೂ ಎರಡು ಪೆನ್ ಜೊತೆಗಿರಲಿ. ಬೆಂಗಳೂರಿನ ಮೆಡಿಕಲ್ ಶಾಪುಗಳಲ್ಲಿ ಅದು ಸುಲಭಕ್ಕೆ ಸಿಗಲ್ಲ, ಆದರೆ ಮದುವೆಮನೆ ಕುರ್ಮಾದಲ್ಲಿ ಅರೆದು ಹಾಕಿದ ಗೋಡಂಬಿ ಮಾತ್ರ ಇದ್ದೇ ಇರುತ್ತದೆ.